ರಿವಾಲ್ವರ್ ಕಲಿಯುವವರಿಗೆ ಯಾವ ಕಾಡತೂಸು? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಮೊದಲ ಬಾರಿಗೆ ಶೂಟಿಂಗ್ ರೇಂಜ್‌ಗೆ ಹೊರಟಾಗ ಕೇಳುವ ಪ್ರಶ್ನೆಗಳು ಇಲ್ಲಿವೆ. ಭಾರತದಲ್ಲಿ ಪರವಾನಗಿ ಪಡೆದು .32 ರಿವಾಲ್ವರ್ ಕೊಂಡ ಊರಿನವರ ಪ್ರಶ್ನೆಗಳಿಗೂ ಉತ್ತರವಿದೆ. ಹೊಸಬರ ಕೈಗೆ ಬಲವಾದ ಕಾಡತೂಸು ಕೊಡುವ ಅಭ್ಯಾಸ ನಿಲ್ಲಬೇಕು ಎಂಬುದು ನನ್ನ ಖಚಿತ ನಿಲುವು. ಮುಂದಿನ ಉತ್ತರಗಳನ್ನು ಆ ನಿಲುವಿನಿಂದಲೇ ಬರೆದಿದ್ದೇನೆ.

ಸುತ್ತಿ ಬಳಸದೆ ಹೇಳಿ. ಕಾಡತೂಸಿನ ಮೊದಲ ಪೆಟ್ಟಿಗೆಯಾಗಿ ಯಾವುದನ್ನು ಕೊಳ್ಳಲಿ?

ನಿಮ್ಮ ಬಳಿ .357 ಮ್ಯಾಗ್ನಮ್ ಅಥವಾ .38 ಸ್ಪೆಷಲ್ ರಿವಾಲ್ವರ್ ಇದ್ದರೆ 148 ಗ್ರೇನ್ ತೂಕದ, ಚಪ್ಪಟೆ ಮೂತಿಯ ವ್ಯಾಡ್‌ಕಟರ್ ಗುಂಡಿನ .38 ಸ್ಪೆಷಲ್ ಕೊಳ್ಳಿ. ಅದು ಸಿಗದಿದ್ದರೆ 158 ಗ್ರೇನ್ ತೂಕದ, ದುಂಡು ಮೂತಿಯ ಸೀಸದ ಗುಂಡಿನ ಸಾಮಾನ್ಯ .38 ಸ್ಪೆಷಲ್ ಸಾಕು. ಪೆಟ್ಟಿಗೆಯ ಮೇಲೆ ‘+ಪಿ’ (ಹೆಚ್ಚು ಒತ್ತಡದ್ದು) ಎಂದಿದ್ದರೆ ಬೇಡ, ‘ಮ್ಯಾಗ್ನಮ್’ ಎಂದಿದ್ದರೂ ಸದ್ಯಕ್ಕೆ ಬೇಡ. ಇನ್ನೂ ರಿವಾಲ್ವರನ್ನೇ ಕೊಂಡಿಲ್ಲ, ರೇಂಜ್‌ನಲ್ಲಿ ಬಾಡಿಗೆಗೆ ಪಡೆಯುತ್ತೀರಿ ಎಂದಾದರೆ .22 ರಿವಾಲ್ವರ್ ಕೇಳಿ.

.357 ರಿವಾಲ್ವರ್‌ನಲ್ಲಿ .38 ಹಾರಿಸಬಹುದೇ? ಅಳತೆಯೇ ಬೇರೆಯಲ್ಲವೇ?

ಹಾರಿಸಬಹುದು. ಹೆಸರಿನಲ್ಲಿ ಅಂಕಿ ಬೇರೆಯಾದರೂ ಎರಡರ ಗುಂಡಿನ ವ್ಯಾಸವೂ ಒಂದೇ, ಸುಮಾರು .357 ಇಂಚು, ಅಂದರೆ 9.1 ಮಿಲಿಮೀಟರ್. .38 ಸ್ಪೆಷಲನ್ನು ಸ್ಮಿತ್ ಆಂಡ್ ವೆಸನ್ ಕಂಪನಿ 1898ರಲ್ಲಿ ರೂಪಿಸಿತು. ಅದೇ ಕೇಸನ್ನು, ಅಂದರೆ ಮದ್ದು ತುಂಬುವ ಹಿತ್ತಾಳೆ ಕೊಳವೆಯನ್ನು, ಉದ್ದ ಮಾಡಿ, ಒತ್ತಡ ಹೆಚ್ಚಿಸಿ 1930ರ ದಶಕದ ನಡುವೆ .357 ಮ್ಯಾಗ್ನಮ್ ತಂದರು. .38ರ ಕೇಸ್ 1.155 ಇಂಚು, .357ರದು 1.290 ಇಂಚು. ಆ ಹೆಚ್ಚುವರಿ ಉದ್ದವನ್ನು ಬೇಕೆಂದೇ ಇಟ್ಟರು. ಮ್ಯಾಗ್ನಮ್ ಕಾಡತೂಸು .38ರ ಸಿಲಿಂಡರ್‌ನೊಳಗೆ (ಕಾಡತೂಸುಗಳು ಕೂರುವ, ತಿರುಗುವ ಭಾಗ) ಪೂರ್ತಿ ಇಳಿಯಬಾರದು ಎಂಬುದು ಅದರ ಉದ್ದೇಶ. ಹಾಗಾಗಿ .357ರಲ್ಲಿ .38 ನಡೆಯುತ್ತದೆ, .38ರಲ್ಲಿ .357 ನಡೆಯುವುದಿಲ್ಲ. ಒತ್ತಿ ತುರುಕಲು ಹೋಗಬೇಡಿ.

ಒತ್ತಡದ ಅಂತರ ಸಣ್ಣದಲ್ಲ. ಅಮೆರಿಕದ ಉದ್ಯಮ ಮಾನದಂಡದ ಪ್ರಕಾರ .38 ಸ್ಪೆಷಲ್‌ನ ಗರಿಷ್ಠ ಒತ್ತಡ ಚದರ ಇಂಚಿಗೆ 17,000 ಪೌಂಡ್, .357ರದು 35,000. ಅಷ್ಟನ್ನು ತಡೆಯುವಂತೆ ಕಟ್ಟಿದ ಭಾರದ ರಿವಾಲ್ವರ್‌ನಲ್ಲಿ .38 ಹಾರಿಸಿದಾಗ ಆಯುಧಕ್ಕೂ ಆಯಾಸವಿಲ್ಲ, ಕೈಗೂ ಆಯಾಸವಿಲ್ಲ. ಕಲಿಯುವವರಿಗೆ ನಾಲ್ಕು ಇಂಚು ನಳಿಗೆಯ, ಒಂದು ಕಿಲೋ ದಾಟಿದ ಉಕ್ಕಿನ .357 ರಿವಾಲ್ವರ್ ಒಳ್ಳೆಯದು ಎನ್ನುವುದು ಈ ಕಾರಣಕ್ಕೆ. ಸ್ಮಿತ್ ಆಂಡ್ ವೆಸನ್ 686, ರೂಗರ್ ಜಿಪಿ100 ಈ ಜಾತಿಯವು.

ಒಂದು ಕೆಲಸ ಮಾತ್ರ ನೆನಪಿರಲಿ. .38ರ ಕೇಸ್ ಗಿಡ್ಡವಾದ್ದರಿಂದ ಅದರ ಬಾಯಿ ನಿಲ್ಲುವ ಜಾಗದ ಮುಂದೆ, ಸಿಲಿಂಡರ್‌ನ ಒಳಗೋಡೆಯಲ್ಲಿ ಮಸಿಯ ಬಳೆಯೊಂದು ಕೂರುತ್ತದೆ. ನೂರಾರು .38 ಹಾರಿಸಿ, ಮರುದಿನ .357 ತುಂಬಲು ಹೋದರೆ ಕಾಡತೂಸು ಅರ್ಧದಲ್ಲೇ ನಿಲ್ಲುತ್ತದೆ, ಹಾರಿಸಿದ ಮೇಲೆ ಖಾಲಿ ಕೇಸ್ ಈಚೆ ಬರಲು ಹಟ ಮಾಡುತ್ತದೆ. ಕಂಚಿನ ಬ್ರಷ್‌ಗೆ ಸಾಲ್ವೆಂಟ್ ಹಚ್ಚಿ ಆರೂ ತೂತುಗಳನ್ನು ತಿಕ್ಕಿದರೆ ಆ ಬಳೆ ಹೋಗುತ್ತದೆ.

ಗ್ರೇನ್ ಎಂದರೆ ಮದ್ದಿನ ಅಳತೆಯೇ? ಹೆಚ್ಚು ಗ್ರೇನ್ ಇದ್ದರೆ ಹೆಚ್ಚು ಒದೆಯುತ್ತದೆಯೇ?

ಪೆಟ್ಟಿಗೆಯ ಮೇಲೆ ಕಾಣುವ ಗ್ರೇನ್ ಗುಂಡಿನ ತೂಕ. ಒಂದು ಪೌಂಡಿಗೆ 7000 ಗ್ರೇನ್. 158 ಗ್ರೇನ್ ಅಂದರೆ ಸುಮಾರು 10.2 ಗ್ರಾಂ, 148 ಅಂದರೆ 9.6 ಗ್ರಾಂ, .22ರ 40 ಗ್ರೇನ್ ಅಂದರೆ 2.6 ಗ್ರಾಂ.

ಒದೆತವನ್ನು ತೂಕವೊಂದೇ ನಿರ್ಧರಿಸುವುದಿಲ್ಲ. ಗುಂಡಿನ ತೂಕ, ವೇಗ, ಹೊರಗೆ ಚಿಮ್ಮುವ ಮದ್ದಿನ ಅನಿಲ, ಜೊತೆಗೆ ಆಯುಧದ ಭಾರ ಎಲ್ಲವೂ ಸೇರುತ್ತವೆ. ವ್ಯಾಡ್‌ಕಟರ್ ಸೆಕೆಂಡಿಗೆ ಸುಮಾರು 210 ಮೀಟರ್ ವೇಗದಲ್ಲಿ ಹೊರಡುತ್ತದೆ. ಹೆಚ್ಚುಕಡಿಮೆ ಅಷ್ಟೇ ತೂಕದ .357 ಗುಂಡು 375 ಮೀಟರ್ ವೇಗದಲ್ಲಿ ಹೊರಡುತ್ತದೆ. ಒಂದೇ ರಿವಾಲ್ವರ್‌ನಲ್ಲಿ ಎರಡನ್ನೂ ಹಾರಿಸಿದರೆ ಆಯುಧ ಹಿಂದಕ್ಕೆ ತಳ್ಳುವ ಶಕ್ತಿ ನಾಲ್ಕೈದು ಪಟ್ಟು ವ್ಯತ್ಯಾಸವಾಗುತ್ತದೆ. ಅದರ ಜೊತೆಗೆ ಸದ್ದು, ಬೆಂಕಿಯ ಮಿಂಚು, ಮುಖಕ್ಕೆ ರಾಚುವ ಗಾಳಿ. ಹೊಸಬರನ್ನು ಬೆಚ್ಚಿಸುವುದು ಬಹಳ ಸಲ ಅಂಗೈಗೆ ಬಿದ್ದ ಪೆಟ್ಟಿಗಿಂತ ಈ ಸದ್ದು ಮತ್ತು ಮಿಂಚು.

ಮೊದಲೇ ಬಲವಾದುದಕ್ಕೆ ಒಗ್ಗಿಕೊಂಡರೆ ಆಮೇಲೆ ಎಲ್ಲವೂ ಸುಲಭವಾಗುವುದಿಲ್ಲವೇ?

ಇಲ್ಲ. ಈ ಮಾತನ್ನು ನಂಬಿ ಎಷ್ಟೋ ಜನ ಶೂಟಿಂಗನ್ನೇ ಬಿಟ್ಟಿದ್ದಾರೆ. ಗಂಡಂದಿರು ಹೆಂಡತಿಯ ಕೈಗೆ, ಅಣ್ಣಂದಿರು ತಮ್ಮನ ಕೈಗೆ ಮ್ಯಾಗ್ನಮ್ ತುಂಬಿಕೊಟ್ಟು ನಗುವುದನ್ನು ರೇಂಜ್‌ಗಳಲ್ಲಿ ಈಗಲೂ ಕಾಣಬಹುದು. ಅದು ಕ್ರೌರ್ಯ, ಅಪಾಯವೂ ಹೌದು. ಕೈ ಬೆದರಿದಾಗ ಹಿಡಿತ ಸಡಿಲಾಗುತ್ತದೆ, ನಳಿಗೆ ಎತ್ತಲೋ ತಿರುಗುತ್ತದೆ.

ಮೊದಲ ಕೆಲವು ಹೊಡೆತಗಳಲ್ಲಿ ದೇಹ ಬೆಚ್ಚಿದರೆ ಅದು ಆ ಬೆಚ್ಚುವಿಕೆಯನ್ನೇ ಕಲಿತುಬಿಡುತ್ತದೆ. ಗುಂಡು ಇನ್ನೇನು ಹಾರಬೇಕು ಎನ್ನುವಾಗ ಮಣಿಕಟ್ಟು ತಾನಾಗಿ ಕೆಳಕ್ಕೆ ಒತ್ತುತ್ತದೆ, ಕಣ್ಣು ಮುಚ್ಚುತ್ತದೆ, ಗುಂಡು ಗುರಿಯ ಕೆಳಗೆ ಹೋಗುತ್ತದೆ. ಇದನ್ನು ಶೂಟರ್‌ಗಳು ಫ್ಲಿಂಚ್ ಎನ್ನುತ್ತಾರೆ. ಹಿಡಿಯುವುದು ಒಂದು ಗಂಟೆಯ ಕೆಲಸ, ಬಿಡಿಸುವುದು ತಿಂಗಳುಗಳ ಕೆಲಸ.

ಪತ್ತೆ ಮಾಡಲು ರಿವಾಲ್ವರ್‌ನಷ್ಟು ಒಳ್ಳೆಯ ಸಾಧನ ಬೇರೆ ಇಲ್ಲ. ಜೊತೆಗಿರುವವರಿಗೆ ಸಿಲಿಂಡರ್ ತುಂಬಲು ಹೇಳಿ. ಮೂರು ತೂತಿಗೆ ನಿಜವಾದ ಕಾಡತೂಸು, ಉಳಿದ ಮೂರಕ್ಕೆ ಹಾರಿಸಿ ಮುಗಿದ ಖಾಲಿ ಕೇಸ್. ನೀವು ನೋಡದಂತೆ ಅವರು ಸಿಲಿಂಡರನ್ನು ತಿರುಗಿಸಿ ಮುಚ್ಚಲಿ. ಈಗ ಮುಂದಿನ ಸೈಟನ್ನೇ (ನಳಿಗೆಯ ತುದಿಯ ಗುರಿಕಡ್ಡಿ) ನೋಡುತ್ತ ನಿಧಾನಕ್ಕೆ ಟ್ರಿಗರ್ ಒತ್ತಿ. ಖಾಲಿ ಕೇಸಿನ ಮೇಲೆ ಹ್ಯಾಮರ್ ‘ಟಕ್’ ಎಂದು ಬಿದ್ದಾಗ ಸೈಟ್ ಅಲುಗದೆ ನಿಂತಿತೇ? ಹಾಗಿದ್ದರೆ ಸರಿಯಾಗಿದ್ದೀರಿ. ಮೂತಿ ಕುಕ್ಕಿದಂತೆ ಕೆಳಗೆ ಬಿತ್ತೇ? ಅಲ್ಲಿದೆ ಫ್ಲಿಂಚ್. ಸುತ್ತ ನಿಂತವರಿಗೂ ಅದು ಸ್ಪಷ್ಟವಾಗಿ ಕಾಣುತ್ತದೆ. ವ್ಯಾಡ್‌ಕಟರ್ ಬಳಸಿ ಈ ಅಭ್ಯಾಸ ಮಾಡುತ್ತ ಹೋದರೆ ಕುಕ್ಕುವುದು ಕಡಿಮೆಯಾಗುತ್ತದೆ. ನಿಂತ ಮೇಲೆ ಬಲ ಹೆಚ್ಚಿಸುವ ಯೋಚನೆ ಮಾಡಿ.

.22 ಮಕ್ಕಳ ಆಟಿಕೆಯಲ್ಲವೇ?

.22 ಲಾಂಗ್ ರೈಫಲ್ 1887ರಿಂದ ಬಳಕೆಯಲ್ಲಿದೆ. ಒಲಿಂಪಿಕ್ಸ್‌ನ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್ ಸ್ಪರ್ಧೆ ಅದೇ ಕಾಡತೂಸಿನಲ್ಲಿ ನಡೆಯುತ್ತದೆ. ಆಟಿಕೆ ಎನ್ನುವವರು ಅದರಿಂದ ಮನುಷ್ಯರು ಸತ್ತಿರುವುದನ್ನು ಮರೆತಿರುತ್ತಾರೆ. ಒದೆತ ಇಲ್ಲವೆನ್ನುವಷ್ಟು ಕಡಿಮೆ, ಬೆಲೆಯೂ ಕಡಿಮೆ. ಒಂದು ಪೆಟ್ಟಿಗೆ .38ರ ಹಣದಲ್ಲಿ ಹಲವು ಪೆಟ್ಟಿಗೆ .22 ಬರುತ್ತದೆ. ಕಲಿಯುವವರಿಗೆ ಬೇಕಾಗಿರುವುದು ಹೆಚ್ಚು ಹೊಡೆತಗಳ ಅಭ್ಯಾಸ ತಾನೇ?

ಎರಡು ಎಚ್ಚರಿಕೆಗಳಿವೆ. ಮೊದಲನೆಯದು, .22 ಮ್ಯಾಗ್ನಮ್ ಎಂಬ ಬೇರೆ ಕಾಡತೂಸಿದೆ. ಅದರ ಕೇಸ್ ದಪ್ಪ. ಮ್ಯಾಗ್ನಮ್ ಸಿಲಿಂಡರ್‌ನಲ್ಲಿ ಲಾಂಗ್ ರೈಫಲ್ ಹಾಕಿದರೆ ಸಡಿಲವಾಗಿ ಕೂತು ಹಾರುವಾಗ ಕೇಸ್ ಸೀಳಬಹುದು. .38 ಮತ್ತು .357ರ ನಡುವಿನ ಹೊಂದಾಣಿಕೆ ಇಲ್ಲಿ ಇಲ್ಲ. ಕೆಲವು ರಿವಾಲ್ವರ್‌ಗಳ ಜೊತೆ ಎರಡು ಸಿಲಿಂಡರ್ ಕೊಡುವುದು ಇದಕ್ಕೇ. ಎರಡನೆಯದು, .22ರ ಪ್ರೈಮರ್ ಮಿಶ್ರಣ, ಅಂದರೆ ಪೆಟ್ಟು ಬಿದ್ದಾಗ ಹೊತ್ತಿ ಮದ್ದಿಗೆ ಬೆಂಕಿ ಕೊಡುವ ವಸ್ತು, ಕೇಸಿನ ಅಂಚಿನೊಳಗಿರುತ್ತದೆ. ಆ ಅಂಚನ್ನು ಜಜ್ಜಲು ಗಟ್ಟಿ ಪೆಟ್ಟು ಬೇಕು, ಹಾಗಾಗಿ .22 ರಿವಾಲ್ವರ್‌ಗಳ ಡಬಲ್ ಆ್ಯಕ್ಷನ್ ಟ್ರಿಗರ್ (ಒತ್ತಿದರೆ ತಾನೇ ಹ್ಯಾಮರನ್ನು ಎಳೆದು ಬಿಡುವಂಥದ್ದು) ಬಿಗಿ. ಬೆರಳು ಸೋತರೆ ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದು ಸಿಂಗಲ್ ಆ್ಯಕ್ಷನ್‌ನಲ್ಲಿ ಹಾರಿಸಿ.

ಸಣ್ಣ ಹಗುರ ರಿವಾಲ್ವರ್ ಕೊಂಡಿದ್ದೇನೆ. ಸಣ್ಣದಾದ್ದರಿಂದ ಸುಲಭವಲ್ಲವೇ?

ಸಣ್ಣದು ಜೇಬಿಗೆ ಸುಲಭ, ಕೈಗೆ ಕಷ್ಟ. 425 ಗ್ರಾಂ ತೂಕದ ಎರಡಿಂಚಿನ ರಿವಾಲ್ವರ್‌ನಲ್ಲಿ ಸಾಮಾನ್ಯ .38 ಕೂಡ ಚೆನ್ನಾಗಿ ಒದೆಯುತ್ತದೆ. ಅಂಗಡಿಯವರು ಹೆಂಗಸರಿಗೆ ಇದನ್ನೇ ತೋರಿಸುವ ರೂಢಿ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಕೊಂಡಾಗಿದೆ ಎಂದರೆ ವ್ಯಾಡ್‌ಕಟರ್ ಮಾತ್ರ ಬಳಸಿ, ಸ್ವಲ್ಪ ದೊಡ್ಡ ರಬ್ಬರ್ ಹಿಡಿ ಹಾಕಿಸಿ. ಕಲಿಕೆಗೆ ಭಾರದ ರಿವಾಲ್ವರ್ ಬಾಡಿಗೆಗೆ ಪಡೆಯಿರಿ.

ಹಗುರ ಆಯುಧಗಳಲ್ಲಿ ಇನ್ನೊಂದು ತೊಂದರೆಯಿದೆ. ಒದೆತಕ್ಕೆ ಆಯುಧ ಜೋರಾಗಿ ಹಿಂದೆ ಸರಿದಾಗ, ಇನ್ನೂ ಹಾರದ ಕಾಡತೂಸುಗಳ ಗುಂಡು ಕೇಸಿನಿಂದ ಮುಂದಕ್ಕೆ ಜಾರುತ್ತದೆ. ಸಿಲಿಂಡರ್‌ನ ಆಚೆ ಮೂತಿ ಹಾಕಿದರೆ ಸಿಲಿಂಡರ್ ತಿರುಗುವುದೇ ಇಲ್ಲ. ಪರೀಕ್ಷಿಸುವುದು ಹೀಗೆ: ಆರರಲ್ಲಿ ಐದು ಹಾರಿಸಿ, ಉಳಿದ ಒಂದನ್ನು ಹೊರತೆಗೆದು ಪೆಟ್ಟಿಗೆಯ ಹೊಸದರ ಪಕ್ಕ ನಿಲ್ಲಿಸಿ. ಉದ್ದ ಹೆಚ್ಚಾಗಿದ್ದರೆ ಆ ಕಾಡತೂಸು ನಿಮ್ಮ ರಿವಾಲ್ವರ್‌ಗೆ ಹೊಂದುವುದಿಲ್ಲ. ಕೆಲವು ಅತಿ ಹಗುರ .357ಗಳ ನಳಿಗೆಯ ಮೇಲೆ 120 ಗ್ರೇನ್‌ಗಿಂತ ಕಡಿಮೆ ತೂಕದ ಗುಂಡು ಬೇಡ ಎಂದೇ ಕೆತ್ತಿರುತ್ತಾರೆ. ಕೆತ್ತಿರುವುದನ್ನು ಓದಿ.

ವ್ಯಾಡ್‌ಕಟರ್, ಎಫ್‌ಎಂಜೆ, ಹಾಲೋ ಪಾಯಿಂಟ್. ಏನಿದೆಲ್ಲ?

ವ್ಯಾಡ್‌ಕಟರ್ ಚಪ್ಪಟೆ ಮೂತಿಯ ಸೀಸದ ಗುಂಡು. ಕೇಸಿನ ಬಾಯಿಯ ಮಟ್ಟಕ್ಕೇ ಕೂತಿರುತ್ತದೆ, ಹೊರಗೆ ತಲೆ ಕಾಣುವುದಿಲ್ಲ. ಮೊದಲ ಸಲ ನೋಡಿದವರು ಇದರಲ್ಲಿ ಗುಂಡೇ ಇಲ್ಲ ಎಂದುಕೊಳ್ಳುತ್ತಾರೆ. ಕಾಗದದಲ್ಲಿ ಪಂಚಿಂಗ್ ಯಂತ್ರ ಹೊಡೆದಂತೆ ದುಂಡನೆಯ ತೂತು ಬೀಳುವುದರಿಂದ ಅಂಕ ಎಣಿಸುವುದು ಸುಲಭ. ದುಂಡು ಮೂತಿಯ ಗುಂಡು ಕಾಗದವನ್ನು ಹರಿಯುತ್ತದೆ, ತೂತಿನ ಅಂಚು ಅಸ್ಪಷ್ಟ. ಎಫ್‌ಎಂಜೆ ಎಂದರೆ ಸೀಸದ ಮೇಲೆ ತಾಮ್ರದ ಹೊದಿಕೆ. ಒಳಾಂಗಣ ರೇಂಜ್ ಬರಿಯ ಸೀಸವನ್ನು ಒಪ್ಪದಿದ್ದರೆ ಇದನ್ನು ಕೊಳ್ಳಿ. ಹಾಲೋ ಪಾಯಿಂಟ್ ಮೂತಿಯಲ್ಲಿ ಕುಳಿಯಿರುವ, ದುಬಾರಿ ಗುಂಡು. ಅಭ್ಯಾಸಕ್ಕೆ ಅದರಿಂದ ಯಾವ ಲಾಭವೂ ಇಲ್ಲ.

ವ್ಯಾಡ್‌ಕಟರ್ ತುಂಬುವುದು ಸ್ವಲ್ಪ ನಿಧಾನ, ಚೂಪು ಮೂತಿ ಇಲ್ಲದ್ದರಿಂದ ತೂತಿನ ಅಂಚಿಗೆ ತಗಲಿ ನಿಲ್ಲುತ್ತದೆ. ಕಲಿಯುವವರು ಅವಸರ ಮಾಡಬೇಕಾಗಿಯೂ ಇಲ್ಲ.

+ಪಿ ಎಂದರೆ?

ಸಾಮಾನ್ಯಕ್ಕಿಂತ ಹೆಚ್ಚು ಒತ್ತಡದ ಕಾಡತೂಸು.  ಈಗಿನ ಉಕ್ಕಿನ ರಿವಾಲ್ವರ್‌ಗಳು ತಡೆಯುತ್ತವೆ. ಹಳೆಯವಕ್ಕೆ ಮತ್ತು ಕೈಪಿಡಿಯಲ್ಲಿ ಅನುಮತಿ ಇಲ್ಲದವಕ್ಕೆ ಬೇಡ.

ಅಜ್ಜನ ಕಾಲದ ರಿವಾಲ್ವರ್ ಮೇಲೆ ಬರಿ .38 ಎಂದಿದೆ. .38 ಸ್ಪೆಷಲ್ ಹಾಕಲೇ?

ಬಂದೂಕು ತಜ್ಞರಿಗೆ ತೋರಿಸುವವರೆಗೆ ಏನನ್ನೂ ಹಾಕಬೇಡಿ. .38 ಎಸ್ ಆಂಡ್ ಡಬ್ಲ್ಯು (ಸ್ಮಿತ್ ಆಂಡ್ ವೆಸನ್) ಎಂಬ ಬೇರೆ ಕಾಡತೂಸು ಇತ್ತು. ಅದರ ಕೇಸ್ ಗಿಡ್ಡ, ಆದರೆ ದಪ್ಪ, ಗುಂಡಿನ ವ್ಯಾಸ .361 ಇಂಚು. ಬ್ರಿಟಿಷ್ ಸೇನೆಯ ವೆಬ್ಲಿ ಮತ್ತು ಎನ್‌ಫೀಲ್ಡ್ .38 ರಿವಾಲ್ವರ್‌ಗಳು ಹಾರಿಸುತ್ತಿದ್ದುದು ಅದೇ ಅಳತೆಯನ್ನು. ಅವುಗಳಲ್ಲಿ ಕೆಲವನ್ನು ಆಮೇಲೆ ಯಾರೋ ಕೊರೆದು .38 ಸ್ಪೆಷಲ್ ಇಳಿಯುವಂತೆ ಮಾಡಿದ್ದೂ ಉಂಟು. ಕಾಡತೂಸು ಒಳಗೆ ಇಳಿಯಿತು ಎಂದ ಮಾತ್ರಕ್ಕೆ ಅದು ಸರಿಯಾದುದಲ್ಲ.

ಭಾರತದಲ್ಲಿ .32 ರಿವಾಲ್ವರ್ ಇದೆ. ಯಾವ ಕಾಡತೂಸು?

ಭಾರತದ ಕಥೆ ಬೇರೆ. .38 ಮತ್ತು 9 ಎಂಎಂ ನಿಷೇಧಿತ ಬೋರ್‌ಗಳಾದ್ದರಿಂದ (ಬೋರ್ ಎಂದರೆ ನಳಿಗೆಯ ಒಳವ್ಯಾಸ) ಸಾಮಾನ್ಯ ಪರವಾನಗಿದಾರರ ಕೈಗೆ ಬರುವುದು ಹೆಚ್ಚಾಗಿ .32. ಕಾನ್ಪುರದ ಸರ್ಕಾರಿ ಕಾರ್ಖಾನೆಯ ರಿವಾಲ್ವರ್‌ಗಳೂ, 2014ರಲ್ಲಿ ಮಹಿಳೆಯರಿಗೆಂದು ಅಲ್ಲಿಂದಲೇ ಬಂದ ಅರ್ಧ ಕಿಲೋ ತೂಕದ ‘ನಿರ್ಭೀಕ್’ ಕೂಡ ಇದೇ ಬೋರ್. ಇವುಗಳಿಗೆ ಬೇಕಾದುದು .32 ಎಸ್ ಆಂಡ್ ಡಬ್ಲ್ಯು ಲಾಂಗ್, 1896ರ ಕಾಡತೂಸು. ಮೆದು ಒದೆತ, ಒಳ್ಳೆಯ ನಿಖರತೆ. ಕಲಿಯುವವರಿಗೆ ಇದು ವರವೇ.

ಗೊಂದಲ ಹುಟ್ಟುವುದು ಅಂಗಡಿಯ ಕಟ್ಟೆಯ ಮೇಲೆ. ‘.32 ಕೊಡಿ’ ಎಂದರೆ ಎರಡು ಬಗೆಯ ಕಾಡತೂಸುಗಳಲ್ಲಿ ಯಾವುದಾದರೂ ಬರಬಹುದು. ರಿವಾಲ್ವರ್‌ನದು ಉದ್ದ, ತಳದಲ್ಲಿ ಎದ್ದು ಕಾಣುವ ಅಂಚು ಇರುತ್ತದೆ, ಗುಂಡು ಸಾಮಾನ್ಯವಾಗಿ 98 ಗ್ರೇನ್ ಸೀಸ. ಪಿಸ್ತೂಲಿನ .32, ಅಂದರೆ 7.65 ಎಂಎಂ, ಗಿಡ್ಡ. ಅಂಚು ಹೊರಗೆ ಹೆಚ್ಚು ಚಾಚುವುದಿಲ್ಲ, ಗುಂಡು 71 ಗ್ರೇನ್, ತಾಮ್ರದ ಹೊದಿಕೆಯದು. ಪಿಸ್ತೂಲಿನದು ರಿವಾಲ್ವರ್‌ನ ತೂತಿಗೆ ಇಳಿದುಬಿಡಬಹುದು, ಆದರೆ ಅದರ ಒತ್ತಡ ಹೆಚ್ಚು. ಹಾರಿಸಬೇಡಿ. ಕೊಳ್ಳುವಾಗ ಒಂದನ್ನು ಕೈಗೆ ತೆಗೆದುಕೊಂಡು ತಳದ ಮೇಲಿನ ಅಕ್ಷರಗಳನ್ನು ಓದಿ, ನಿಮ್ಮ ಪರವಾನಗಿಯಲ್ಲಿ ನಮೂದಾದ ಬೋರ್ ಮತ್ತು ಮಿತಿಯೊಂದಿಗೆ ತಾಳೆ ನೋಡಿ.

ಜಸ್ಪಾಲ್ ರಾಣಾ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಚಿನ್ನ ಗೆದ್ದದ್ದು ಹಲವರಿಗೆ ನೆನಪಿರಬಹುದು. ಆ ಸ್ಪರ್ಧೆಯಲ್ಲಿ ಜಗತ್ತಿನ ಶೂಟರ್‌ಗಳು ಹೆಚ್ಚಾಗಿ ನೆಚ್ಚಿಕೊಳ್ಳುವುದು .32 ಲಾಂಗ್ ವ್ಯಾಡ್‌ಕಟರನ್ನು. .32 ಎಂದರೆ ಕೀಳರಿಮೆ ಬೇಡ. ಊರಿನಲ್ಲಿ ಕಾಡತೂಸು ದುಬಾರಿ, ಮಿತಿಯೂ ಇದೆ. ಹಾಗಾಗಿ ರೈಫಲ್ ಕ್ಲಬ್ ಸೇರಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಟ್ರಿಗರ್ ಪಳಗಿಸಿಕೊಂಡು, ಆಮೇಲೆ .32 ಹಾರಿಸಿ. ಖರ್ಚೂ ಉಳಿಯುತ್ತದೆ, ಕೈಯೂ ಪಳಗುತ್ತದೆ.

ನಾನು ಎಚ್‌-1ಬಿ ವೀಸಾದಲ್ಲಿದ್ದೇನೆ. ಗೆಳೆಯರ ಜೊತೆ ರೇಂಜ್‌ಗೆ ಹೋಗಿ ಹಾರಿಸಬಹುದಲ್ಲವೇ?

ಕಾಡತೂಸಿನ ಆಯ್ಕೆಗಿಂತ ಮೊದಲು ತಿಳಿಯಬೇಕಾದ ವಿಷಯ ಇದು. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ವಲಸೆಯೇತರ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಕಾಡತೂಸನ್ನಾಗಲಿ ಹೊಂದುವಂತಿಲ್ಲ. ಎಚ್‌-1ಬಿ, ಎಚ್‌-4, ಎಫ್‌-1 ಎಲ್ಲವೂ ಇದರಲ್ಲಿ ಬರುತ್ತವೆ. ಬಾಡಿಗೆ ರಿವಾಲ್ವರ್ ಕೈಯಲ್ಲಿ ಹಿಡಿದರೂ ಅದು ‘ಹೊಂದಿರುವುದು’ ಎಂದೇ ಲೆಕ್ಕ. ಕಾನೂನಿನಲ್ಲಿ ವಿನಾಯಿತಿಗಳಿವೆ. ಬಹುತೇಕರು ಬಳಸುವುದು ಅಮೆರಿಕದ ರಾಜ್ಯವೊಂದು ನೀಡಿದ, ಅವಧಿ ಮುಗಿಯದ ಬೇಟೆ ಪರವಾನಗಿಯನ್ನು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿರ್ಬಂಧ ಇಲ್ಲ. ‘ಯಾರೂ ಕೇಳುವುದಿಲ್ಲ, ಬಾ’ ಎನ್ನುವ ಗೆಳೆಯನ ಮಾತು ಕೇಳಿ ವೀಸಾ ಕಳೆದುಕೊಳ್ಳಬೇಡಿ. ವಲಸೆ ವಕೀಲರನ್ನು ಕೇಳಿಯೇ ಹೆಜ್ಜೆಯಿಡಿ. ಇದಲ್ಲದೆ ಪರವಾನಗಿ ಪಡೆದ ಅಂಗಡಿಗಳು 21 ವರ್ಷ ತುಂಬದವರಿಗೆ ಕೈಬಂದೂಕಿನ ಕಾಡತೂಸು ಮಾರುವಂತಿಲ್ಲ. ರಾಜ್ಯಗಳ ಕಾನೂನು ಬೇರೆ ಬೇರೆ.

ಪರಿಚಯದವರು ಮನೆಯಲ್ಲೇ ತುಂಬಿದ ಕಾಡತೂಸು ಕೊಡುತ್ತೇನೆ ಎನ್ನುತ್ತಾರೆ. ಪಡೆಯಲೇ?

ಬೇಡ, ಅವರು ಎಷ್ಟೇ ಒಳ್ಳೆಯವರಾಗಿರಲಿ. .38ರ ದೊಡ್ಡ ಕೇಸಿನಲ್ಲಿ ವ್ಯಾಡ್‌ಕಟರ್‌ಗೆ ಬೇಕಾದ ಮದ್ದು ತಳದಲ್ಲಿ ಚಿಟಿಕೆಯಷ್ಟೇ ಕೂರುತ್ತದೆ. ತಪ್ಪಿ ಎರಡು ಸಲ ಹಾಕಿದರೂ ಉಕ್ಕಿ ಹೊರಬರುವುದಿಲ್ಲ, ಗಮನಕ್ಕೂ ಬರುವುದಿಲ್ಲ. ಹಾರಿಸುವವರೆಗೆ ಗೊತ್ತಾಗದ ತಪ್ಪು ಅದು. ಕಾರ್ಖಾನೆಯಿಂದ ಮುಚ್ಚಿ ಬಂದ ಪೆಟ್ಟಿಗೆಯನ್ನೇ ಕೊಳ್ಳಿ.

ಟ್ರಿಗರ್ ಒತ್ತಿದರೂ ಹಾರಲಿಲ್ಲ. ಮತ್ತೊಮ್ಮೆ ಒತ್ತಲೇ?

ತಕ್ಷಣ ಒತ್ತಬೇಡಿ. ನಳಿಗೆಯನ್ನು ಗುರಿಯತ್ತಲೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ. ಪ್ರೈಮರ್ ನಿಧಾನವಾಗಿ ಹೊತ್ತಿ ತಡವಾಗಿ ಹಾರುವುದು ಅಪರೂಪ, ಆದರೂ ಆಗುತ್ತದೆ. ರಿವಾಲ್ವರ್‌ನಲ್ಲಿ ಮತ್ತೆ ಟ್ರಿಗರ್ ಒತ್ತಿದರೆ ಸಿಲಿಂಡರ್ ತಿರುಗಿ ಆ ಕಾಡತೂಸು ನಳಿಗೆಯ ನೇರದಿಂದ ಪಕ್ಕಕ್ಕೆ ಸರಿಯುತ್ತದೆ. ಆಗ ಹಾರಿದರೆ ಗುಂಡಿಗೆ ಹೊರಹೋಗಲು ದಾರಿಯೇ ಇರುವುದಿಲ್ಲ. ಕಾದ ಮೇಲೆ ಸಿಲಿಂಡರ್ ತೆರೆದು ಅದನ್ನು ಹೊರತೆಗೆದು ರೇಂಜ್ ಅಧಿಕಾರಿಗೆ ಒಪ್ಪಿಸಿ.

ಇದಕ್ಕಿಂತ ಅಪಾಯಕಾರಿ ಎಂದರೆ ‘ಢಂ’ ಎನ್ನಬೇಕಾದಲ್ಲಿ ‘ಪುಸ್’ ಎಂದಾಗ. ಸದ್ದು ಮೆದು, ಒದೆತವಿಲ್ಲ, ಗುರಿಯಲ್ಲಿ ತೂತಿಲ್ಲ ಎಂದರೆ ಮದ್ದಿಲ್ಲದೆ ಪ್ರೈಮರ್ ಒಂದೇ ಗುಂಡನ್ನು ತಳ್ಳಿರುತ್ತದೆ, ಗುಂಡು ನಳಿಗೆಯ ನಡುವೆ ಸಿಕ್ಕಿರುತ್ತದೆ. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ. ವ್ಯಾಡ್‌ಕಟರ್‌ನ ಸದ್ದೇ ಮೆದುವಾದ್ದರಿಂದ ನಿಮ್ಮ ಕಾಡತೂಸಿನ ಸಹಜ ಸದ್ದನ್ನು ಕಿವಿಗೆ ರೂಢಿಸಿಕೊಳ್ಳಿ. ಅನುಮಾನ ಬಂದರೆ ಕೆಳಗಿಟ್ಟು ಕೈ ಎತ್ತಿ.

ಬೆರಳಿನ ಮಾತನ್ನೂ ಇಲ್ಲೇ ಹೇಳುತ್ತೇನೆ. ಸಿಲಿಂಡರ್ ಮತ್ತು ನಳಿಗೆಯ ನಡುವೆ ಕೂದಲೆಳೆಯ ಸಂದಿದೆ. ಅಲ್ಲಿಂದ ಬಿಸಿ ಅನಿಲವೂ ಸೀಸದ ಚೂರುಗಳೂ ಪಕ್ಕಕ್ಕೆ ಚಿಮ್ಮುತ್ತವೆ. ಹೆಬ್ಬೆರಳು ಅಲ್ಲಿಗೆ ಹೋಗಬಾರದು, ಪಕ್ಕದಲ್ಲಿ ಯಾರೂ ನಿಲ್ಲಬಾರದು, ಕನ್ನಡಕ ಎಲ್ಲರಿಗೂ ಕಡ್ಡಾಯ. ಕಿವಿಗೆ ಬೆಣೆ ಮತ್ತು ಮಫ್ ಎರಡನ್ನೂ ಹಾಕಿಕೊಳ್ಳಿ. .38ರ ಸದ್ದೂ 140 ಡೆಸಿಬಲ್ ದಾಟುತ್ತದೆ, ಹೋದ ಕಿವಿ ಮರಳುವುದಿಲ್ಲ.

ಸೀಸ ವಿಷವಲ್ಲವೇ?

ವಿಷವೇ. ಗುಂಡಿನ ಸೀಸದ ಜೊತೆಗೆ ಪ್ರೈಮರ್ ಹೊಗೆಯಲ್ಲಿರುವ ಸೀಸವೂ ಉಸಿರಿಗೆ ಹೋಗುತ್ತದೆ. ಗಾಳಿಯಾಡದ ಒಳಾಂಗಣ ರೇಂಜ್‌ಗೆ ಹೋಗಬೇಡಿ. ಹಾರಿಸುವಾಗ ಏನೂ ತಿನ್ನಬೇಡಿ, ಮುಗಿದ ಮೇಲೆ ತಣ್ಣೀರು ಮತ್ತು ಸಾಬೂನಿನಿಂದ ಕೈ ಮುಖ ತೊಳೆಯಿರಿ, ಆ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳಬೇಡಿ. ಗರ್ಭಿಣಿಯರು ದೂರವಿರುವುದೇ ಸರಿ.

ಒಂದು ದಿನಕ್ಕೆ ಎಷ್ಟು ಹಾರಿಸಲಿ?

ಐವತ್ತರ ಒಂದು ಪೆಟ್ಟಿಗೆ ಸಾಕು. ಏಳು ಮೀಟರ್ ದೂರದಿಂದ ಆರಂಭಿಸಿ. ತೂತುಗಳು ಚದುರತೊಡಗಿದರೆ ಪೆಟ್ಟಿಗೆ ಮುಗಿಯದಿದ್ದರೂ ನಿಲ್ಲಿಸಿ, ದಣಿದ ಕೈ ಕೆಟ್ಟ ಅಭ್ಯಾಸವನ್ನೇ ಕಲಿಯುತ್ತದೆ. ಖಾಲಿ ಕೇಸ್ ಹೊರಹಾಕುವಾಗ ಮೂತಿ ಮೇಲಕ್ಕಿರಲಿ, ಇಲ್ಲದಿದ್ದರೆ ಉರಿಯದ ಮದ್ದಿನ ಕಣಗಳು ಖಾಲಿ ಕೇಸ್‌ಗಳನ್ನು ಹೊರದೂಡುವ ಎಕ್ಸ್‌ಟ್ರ್ಯಾಕ್ಟರ್ ನಕ್ಷತ್ರದ ಅಡಿ ಸೇರಿ ಸಿಲಿಂಡರ್ ಮುಚ್ಚಲು ತೊಡಕಾಗುತ್ತದೆ.

ಉಳಿದ ಕಾಡತೂಸುಗಳನ್ನು ಎಲ್ಲಿಡಲಿ?

ಬಂದ ಪೆಟ್ಟಿಗೆಯಲ್ಲೇ, ತಂಪಾದ ಒಣ ಜಾಗದಲ್ಲಿ, ಆಯುಧದಿಂದ ಬೇರೆಯಾಗಿ, ಬೀಗ ಹಾಕಿ ಇಡಿ. ಚರ್ಮದ ಪಟ್ಟಿಯ ಕುಣಿಕೆಗಳಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ಎಣ್ಣೆ ಒರೆಸಬೇಡಿ, ಪ್ರೈಮರ್‌ನೊಳಗೆ ಇಳಿದರೆ ಕಾಡತೂಸು ಸತ್ತಂತೆ.

ರೇಂಜ್‌ಗೆ ಒಯ್ಯುವ ಚೀಲವನ್ನು ಊರಿಗೆ ಹೊರಡುವಾಗ ಬಳಸಲೇಬೇಡಿ. ನೆನಪಿಗೆಂದು ಇಟ್ಟುಕೊಂಡ ಒಂದು ಕಾಡತೂಸು ಚೀಲದ ಮೂಲೆಯಲ್ಲಿ ಉಳಿದು, ಭಾರತದ ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಸಿಕ್ಕಿ, 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾದವರು ಹಲವರಿದ್ದಾರೆ. ಗೊತ್ತಿಲ್ಲದೆ ಉಳಿದಿತ್ತು ಎಂದು ನ್ಯಾಯಾಲಯದಲ್ಲಿ ಸಾಬೀತುಪಡಿಸಿ ಬಿಡಿಸಿಕೊಳ್ಳಬಹುದು, ಆದರೆ ಅಷ್ಟರಲ್ಲಿ ರಜೆ ಮುಗಿದಿರುತ್ತದೆ, ಪಾಸ್‌ಪೋರ್ಟ್ ಪೊಲೀಸರ ಬಳಿ ಇರುತ್ತದೆ. ಖಾಲಿ ಕೇಸನ್ನೂ ತರಬೇಡಿ, ಕಾಯ್ದೆಯ ಪ್ರಕಾರ ಕಾಡತೂಸಿನ ಭಾಗಗಳೂ ಮದ್ದುಗುಂಡಿನ ವ್ಯಾಖ್ಯೆಯೊಳಗೆ ಬರುತ್ತವೆ.